ಆರ್ಲ್ಯಾಂಡೊಗೆ ಹೊರಟ ಮಗಳಿಗೆ

ಪುಟ್ಟಿ,

ಈ ಕಾಗದವನ್ನು ನಿನ್ನ ಬ್ಯಾಗಿನಲ್ಲಿ, ಯೂನಿಫಾರ್ಮಿನ ಕೆಳಗೆ ಇಡುತ್ತಿದ್ದೇನೆ. ಬೆಳಿಗ್ಗೆ ಐದಕ್ಕೆ ನೀನು ಚಿಯರ್‌ಲೀಡಿಂಗ್ ಪಂದ್ಯಕ್ಕೆ ಹೊರಡುತ್ತೀಯ. ಮೂರು ದಿನದಿಂದ ನಾವಿಬ್ಬರೂ ಸರಿಯಾಗಿ ಮಾತಾಡಿಲ್ಲ. ಕನ್ನಡದಲ್ಲೇ ಬರೆಯಬೇಕು ಅನ್ನಿಸಿತು, ನಿಧಾನವಾಗಿ ಓದು.

ಅವತ್ತು ಊಟಕ್ಕೆ ಕೂತಾಗ ಆದದ್ದನ್ನೆಲ್ಲ ಮತ್ತೆ ಬರೆಯುವುದಿಲ್ಲ. ಆದರೆ ಖರ್ಚು ಹೊಂದಿಸಲಾಗದೆ ತಂಡದಿಂದ ಹೊರಗುಳಿದ ನಿನ್ನ ಗೆಳತಿಯ ಬಗ್ಗೆ ನಾನು "ರೂಲ್ ಎಲ್ಲರಿಗೂ ಒಂದೇ" ಅಂದೆನಲ್ಲ, ಆ ಮಾತು ನನ್ನದಲ್ಲ. ಅದು ನಮ್ಮ ಪಿ.ಟಿ. ಮೇಷ್ಟ್ರ ಮಾತು.

1991ರಲ್ಲಿ ನಾನು ಒಂಬತ್ತನೇ ಕ್ಲಾಸು. ಖೋಖೋದಲ್ಲಿ ಹಾಸನ ಜಿಲ್ಲೆಯ ತಂಡಕ್ಕೆ ನನ್ನ ಹೆಸರು ಬಂತು. ಹನ್ನೆರಡು ಜನರಲ್ಲಿ ನಾನೊಬ್ಬಳು. ಪಂದ್ಯ ಧಾರವಾಡದಲ್ಲಿ. ಬಸ್ ಚಾರ್ಜು, ಬೂಟು, ಟೀ ಶರ್ಟು ಅವರವರೇ ನೋಡಿಕೊಳ್ಳಬೇಕು ಅಂದರು. ಆ ತಿಂಗಳು ಅಜ್ಜನ ಕೈಯಲ್ಲಿ ದುಡ್ಡಿರಲಿಲ್ಲ. ಮೇಷ್ಟ್ರ ಹತ್ತಿರ ಹೋಗಿ ನಿಂತೆ. "ನಿನಗೊಂದು, ಅವರಿಗೊಂದು ಮಾಡೋಕಾಗಲ್ಲಮ್ಮ, ರೂಲ್ ಎಲ್ಲರಿಗೂ ಒಂದೇ" ಅಂದರು. ನನ್ನ ಜಾಗಕ್ಕೆ ಪಕ್ಕದ ಬೀದಿಯ ಹುಡುಗಿ ಹೋದಳು.

ಅವರು ಹೊರಟ ದಿನ ನಾನು ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ಯಾಕೆ ಹೋದೆನೋ ಗೊತ್ತಿಲ್ಲ. ಅವಳು ಬಸ್ ಹತ್ತುವಾಗ ಬೂಟು ನೋಡಿದೆ. ಅದೂ ಹೊಸದಲ್ಲ, ಅಣ್ಣನ ಹಳೇ ಕ್ಯಾನ್ವಾಸ್ ಬೂಟು. ಒದ್ದೆ ಮಾಡಿದ ಸೀಮೆಸುಣ್ಣ ಬಳಿದಿದ್ದಳು, ಒಣಗಿರಲಿಲ್ಲ, ಬಸ್ಸಿನ ಮೆಟ್ಟಿಲ ಮೇಲೆ ಬಿಳಿ ಗುರುತು ಬಿತ್ತು. ಕಿಟಕಿಯಿಂದ ಕೈ ಬೀಸಿದಳು. ನಾನು ಬೀಸಲಿಲ್ಲ. ಅವಳು ವಾಪಸ್ ಬಂದ ಮೇಲೂ ಮಾತಾಡಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿಯುವವರೆಗೂ ಒಂದೇ ಬೆಂಚಿನಲ್ಲಿ ಕೂತಿದ್ದೆವು, ಒಂದು ಮಾತಿಲ್ಲ. ಅವಳು ಏನು ತಪ್ಪು ಮಾಡಿದ್ದಳು ಹೇಳು? ಹೋಗಬೇಕಿದ್ದವಳು ನಾನು ಅನ್ನೋದು ಅವಳಿಗೂ ಗೊತ್ತಿತ್ತು, ಅದಕ್ಕೇ ಕೈ ಬೀಸಿದ್ದು ಅಂತ ಈಗ ಅನ್ನಿಸುತ್ತದೆ. ಧಾರವಾಡ ತಪ್ಪಿದ್ದು ಯಾವತ್ತೋ ಮರೆತುಹೋಯಿತು ಪುಟ್ಟಿ. ಮೆಟ್ಟಿಲ ಮೇಲಿನ ಆ ಬಿಳಿ ಗುರುತು ಮಾತ್ರ ಹೋಗಿಲ್ಲ.

ಡಾಲಸ್ ಪಂದ್ಯದಲ್ಲಿ ನಿಮಗೆ ಬಿಡ್, ಅಂದರೆ ಆರ್ಲ್ಯಾಂಡೊಗೆ ಹೋಗುವ ಅರ್ಹತೆ, ಸಿಕ್ಕಾಗ ನಾನೂ ಎಲ್ಲರ ಜೊತೆ ಕಿರುಚಿದೆ. ನಿಮ್ಮದು ಅಟ್-ಲಾರ್ಜ್ ಬಿಡ್, ಹಾಗಂದರೇನು ಅಂತ ಆಗ ನನಗೆ ಗೊತ್ತಿರಲಿಲ್ಲ. ಫುಲ್ ಪೇಯ್ಡ್ ಆದರೆ ಖರ್ಚು ಬಿಡ್ ಕೊಟ್ಟವರದು, ಪಾರ್ಶಿಯಲ್ ಆದರೆ ಒಂದಿಷ್ಟು ಅವರದು, ಅಟ್-ಲಾರ್ಜ್ ಆದರೆ ಎಲ್ಲಾ ಮನೆಯವರದೇ. ಮ್ಯಾಟ್ ಮೇಲೆ ಎರಡೂವರೆ ನಿಮಿಷದಲ್ಲಿ ನೀವು ಗೆದ್ದ ಜಾಗಕ್ಕೆ ಮನೆಗೆ ಬಂದ ಮೇಲೆ ಇನ್ನೊಂದು ಪರೀಕ್ಷೆ. ಆ ಪರೀಕ್ಷೆಯಲ್ಲಿ ನಿನ್ನ ಬೇಸ್, ಅಂದರೆ ಕೆಳಗೆ ನಿಂತು ನಿನ್ನನ್ನು ಮೇಲೆತ್ತುವ ಆ ಗೆಳತಿ, ಫೇಲಾದಳು. ಇಡೀ ವರ್ಷ ನಿನ್ನ ಪಾದ ಹಿಡಿದು ನಿಲ್ಲಿಸಿದ ಹುಡುಗಿ ಅವಳು. ಪ್ರಾಕ್ಟೀಸ್ ಮುಗಿದ ಮೇಲೆ ಅವಳ ಅಂಗೈ ಮೇಲೆ ನಿನ್ನ ಶೂ ಅಡಿಯ ಗೆರೆಗಳು ಅಚ್ಚಾಗಿದ್ದನ್ನು ನಾನೇ ನೋಡಿದ್ದೇನೆ.

ಬಿಡ್ ಕಮ್ಮಿ ಕೊಡಲಿ, ಕೊಟ್ಟದ್ದಕ್ಕೆ ಪೂರ್ತಿ ಖರ್ಚು ಕೊಡಲಿ ಅಂತ ನಾನು ಅಂದಿದ್ದೆ. ಹಾಗಾದರೆ ಜಾಸ್ತಿ ಕೋಚ್, ಜಾಸ್ತಿ ಗಂಟೆ ಪ್ರಾಕ್ಟೀಸ್ ಇರುವ ದೊಡ್ಡ ಜಿಮ್‌ಗಳಿಗೇ ಎಲ್ಲಾ ಹೋಗುತ್ತದೆ, ದುಡ್ಡು ಬೇಡದವರಿಗೇ ದುಡ್ಡು ಸಿಗುತ್ತದೆ ಅಂತ ನೀನು ಅಂದೆ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಅದಕ್ಕೇ ದನಿ ಏರಿಸಿದೆ. ತಪ್ಪಾಯಿತು. ಹದಿನಾರು ವರ್ಷದ ನೀನು ನನಗಿಂತ ಚೆನ್ನಾಗಿ ಯೋಚನೆ ಮಾಡಿದ್ದೆ. ಸಿಟ್ಟಿನ ಮಧ್ಯೆಯೂ ನನಗೆ ಹೆಮ್ಮೆ ಆಗಿತ್ತು, ಹೇಳಲಿಲ್ಲ ಅಷ್ಟೆ.

ಅಲ್ಲೇ ಆರ್ಲ್ಯಾಂಡೊದಲ್ಲಿ ಚಿಯರ್‌ಲೀಡಿಂಗ್‌ನ ಅಂತರರಾಷ್ಟ್ರೀಯ ಸಂಸ್ಥೆ ಐಸಿಯು ದೇಶಗಳ ಚಾಂಪಿಯನ್‌ಷಿಪ್ ನಡೆಸುತ್ತದಲ್ಲ, ಒಂದು ವಿಭಾಗಕ್ಕೆ ಒಂದು ದೇಶದಿಂದ ಒಂದೇ ತಂಡ, ನನಗೆ ಆ ರೂಲ್ ಇಷ್ಟ. ಅಮೆರಿಕಕ್ಕೂ ಒಂದು, ಪುಟ್ಟ ದೇಶಕ್ಕೂ ಒಂದು. ಇಲ್ಲಿನ ಎಷ್ಟೋ ಒಳ್ಳೆಯ ತಂಡಗಳಿಗೆ ಅದರಿಂದ ಜಾಗ ಸಿಗುವುದಿಲ್ಲ, ನಿಜ. ಆದರೆ ವಿಮಾನದ ಟಿಕೆಟ್ ಕೊಳ್ಳಲಾಗದವರು ಅಲ್ಲಿಗೂ ಬರಲಾರರು. ಐಸಿಯುಗೆ ಒಲಿಂಪಿಕ್ ಸಮಿತಿ 2021ರಲ್ಲಿ ಪೂರ್ತಿ ಮಾನ್ಯತೆ ಕೊಟ್ಟಿತು. ಮುಂದೆ ಒಲಿಂಪಿಕ್ಸ್‌ಗೂ ಹೋಗಬೇಕು ಅನ್ನುವ ಆಟದಲ್ಲಿ ಯಾರು ಬರಬಹುದು ಅನ್ನೋದನ್ನು ಅಂಕವೇ ತೀರ್ಮಾನ ಮಾಡಬೇಕು, ಅಲ್ವಾ? ವಾಪಸ್ ಬಂದ ಮೇಲೆ ಇದನ್ನು ನಿಮ್ಮ ಕೋಚ್ ಹತ್ತಿರ ಕೇಳು. ಸುಮ್ನೆ ಸಿಟ್ಟು ಮಾಡಿಕೊಂಡು ಬಿಟ್ಟುಬಿಡಬೇಡ, ಬರೆದು ಕೇಳು. ನಾನು ಕೇಳಬೇಕಿತ್ತು, ಕೇಳಲಿಲ್ಲ.

ಇನ್ನೊಂದು ವಿಷಯ ನಿನಗೆ ಗೊತ್ತಿಲ್ಲ. ನಿನ್ನ ಗೆಳತಿಯ ಖರ್ಚು ನಾವೇ ಕೊಡೋಣ ಅಂತ ಅಪ್ಪ ಮಾರ್ಚ್‌ನಲ್ಲೇ ಹೇಳಿದ್ದರು. ನಾನೇ ಬೇಡ ಅಂದೆ. ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರು ಕೇಳುತ್ತಾರೆ ಅಂದೆ. ಇದಕ್ಕೆ ನೀನು ನನ್ನ ಮೇಲೆ ಸಿಟ್ಟು ಮಾಡಿಕೊಂಡರೆ ಸರಿಯೇ.

ಆದರೆ ಗೆಳತಿಯ ಜಾಗಕ್ಕೆ ಬಂದ ಹೊಸ ಹುಡುಗಿಯ ಮೇಲೆ ಬೇಡ. ಮೊನ್ನೆ ಪ್ರಾಕ್ಟೀಸಿನಲ್ಲಿ ನೋಡಿದೆ, ಅವಳು ಕೈ ಕೊಟ್ಟಾಗ ನೀನು ಅವಳ ಮುಖ ನೋಡದೆ ಹತ್ತಿದೆ. ನನ್ನ ಎದೆ ಧಸಕ್ ಅಂದಿತು. ಅಷ್ಟು ಎತ್ತರದಲ್ಲಿ ಒಂದೇ ಕಾಲಿನ ಮೇಲೆ ನಿಲ್ಲುವವಳು ಕೆಳಗಿನ ಕೈಯನ್ನು ನಂಬಬೇಕು ಕಣೇ. ಬೀಳುತ್ತೀಯ ಅನ್ನುವ ಭಯ ನನಗೆ ದಿನಾ ಇದೆ, ಅದರ ಜೊತೆ ಇದೂ ಸೇರಿತು. ಅವಳೂ ಒಂದು ತಿಂಗಳಿಂದ ಮಣಿಕಟ್ಟಿಗೆ ಟೇಪ್ ಸುತ್ತಿಕೊಂಡು ದುಡಿದಿದ್ದಾಳೆ. ಅವಳ ಮನೆಯಲ್ಲೂ ದುಡ್ಡು ಹೇಗೆ ಹೊಂದಿಸಿದರೋ ನಮಗೆ ಗೊತ್ತಿಲ್ಲ.

ಊಟದ ಹೊತ್ತಿಗೆ ಒಬ್ಬಳೇ ಕೂತಿದ್ದರೆ ಹೋಗಿ ಪಕ್ಕ ಕೂರು. ಕೋಡುಬಳೆ ಎರಡು ಡಬ್ಬಿ ಇಟ್ಟಿದ್ದೇನೆ. ಚಿಕ್ಕದರಲ್ಲಿ ಖಾರ ಕಮ್ಮಿ, ಅದು ಅವಳಿಗೆ. ವಿಮಾನ ಇಳಿದ ತಕ್ಷಣ ಮೆಸೇಜ್ ಹಾಕು.

ಅಮ್ಮ