ಧರ್ಮ, ಇತಿಹಾಸಗಳ ಜೊತೆಗೆ ಇಸವಿಯನ್ನೂ ಕೇಳಬೇಕು

ಮಾನ್ಯರೇ,

ಇಂದಿನ ಯುದ್ಧಗಳಿಗೂ ಉಗ್ರವಾದಕ್ಕೂ ಮೂಲ ಕಾರಣ ಧರ್ಮವೋ ಇತಿಹಾಸವೋ ಎಂಬ ಬಗ್ಗೆ ವಾಚಕರ ವಾಣಿಯಲ್ಲಿ ನಡೆಯುತ್ತಿರುವ ಚರ್ಚೆಯನ್ನು ಗಮನಿಸುತ್ತಿದ್ದೇನೆ. ಧರ್ಮಗ್ರಂಥಗಳನ್ನು ದೂರುವವರೂ, ಶತಮಾನಗಳ ಹಗೆಯನ್ನು ದೂರುವವರೂ ಒಂದು ಸಂಗತಿಯನ್ನು ಬಿಟ್ಟುಬಿಡುತ್ತಿದ್ದಾರೆ. ಗ್ರಂಥಗಳೂ ಹಗೆಯ ನೆನಪುಗಳೂ ತಲೆಮಾರುಗಳಿಂದ ಇದ್ದಲ್ಲೇ ಇವೆ. ಬಂದೂಕು ಮಾತ್ರ ಕೆಲವೇ ಕಡೆ, ಕೆಲವೇ ವರ್ಷಗಳಲ್ಲಿ ಹೊರಬರುತ್ತದೆ. ಹಾಗಿರುವಾಗ ಆ ವರ್ಷ, ಆ ನೆಲದಲ್ಲಿ ಬದುಕಿದ್ದವರು ಏನನ್ನು ಕಳೆದುಕೊಂಡರು ಎಂಬುದನ್ನು ಮೊದಲು ವಿಚಾರಿಸಬೇಕಲ್ಲವೇ?

ನೆರೆಯ ಶ್ರೀಲಂಕಾದಲ್ಲಿ ಸಿಂಹಳೀಯರು ಬಹುಪಾಲು ಬೌದ್ಧರು, ತಮಿಳರು ಬಹುಪಾಲು ಹಿಂದೂಗಳು. ಆದರೆ ಅಲ್ಲಿನ ಅಂತರ್ಯುದ್ಧಕ್ಕೆ ದಾರಿ ಮಾಡಿದ್ದು ಸಿಂಹಳವೊಂದನ್ನೇ ಆಡಳಿತ ಭಾಷೆಯಾಗಿಸಿದ 1956ರ ಕಾನೂನು, ಮತ್ತು ವಿಶ್ವವಿದ್ಯಾಲಯದ ಸೀಟಿಗೆ ತಮಿಳು ಮಾಧ್ಯಮದ ವಿದ್ಯಾರ್ಥಿ ಸಿಂಹಳ ಮಾಧ್ಯಮದವನಿಗಿಂತ ಹೆಚ್ಚು ಅಂಕ ಗಳಿಸಲೇಬೇಕೆಂದು 1970ರ ದಶಕದ ಆರಂಭದಲ್ಲಿ ಬಂದ ಪ್ರವೇಶ ನೀತಿ. 1983ರ ಜುಲೈನಲ್ಲಿ ತಮಿಳರ ಮೇಲೆ ನಡೆದ ಹಿಂಸಾಚಾರದ ನಂತರ ಪ್ರತ್ಯೇಕ ತಮಿಳು ದೇಶಕ್ಕಾಗಿ ಬಂದೂಕು ಹಿಡಿದಿದ್ದ ಎಲ್‌ಟಿಟಿಇಗೆ ಯುವಕರ ಕೊರತೆಯೇ ಆಗಲಿಲ್ಲ. ಆತ್ಮಾಹುತಿ ದಾಳಿಯನ್ನು ಪಳಗಿದ ಯುದ್ಧತಂತ್ರವಾಗಿಸಿದ ಆ ಸಂಘಟನೆ ಯಾರಿಗೂ ಸ್ವರ್ಗದ ಆಸೆ ತೋರಿಸಿರಲಿಲ್ಲ ಎಂಬುದನ್ನು, ಉಗ್ರವಾದಕ್ಕೆ ಒಂದು ಧರ್ಮದ ಹೆಸರನ್ನೇ ಅಂಟಿಸುವವರು ನೆನಪಿಡಬೇಕು.

ಇರಾಕಿನ ವಿಷಯ ಇನ್ನಷ್ಟು ವಿವರ ಬೇಡುತ್ತದೆ. 2014ರ ಜೂನ್‌ನಲ್ಲಿ ಮೊಸುಲ್ ನಗರವನ್ನು ವಶಪಡಿಸಿಕೊಂಡು ಖಿಲಾಫತ್ ಘೋಷಿಸಿದ ಉಗ್ರ ಸಂಘಟನೆ ಇಸ್ಲಾಮಿಕ್ ಸ್ಟೇಟ್ (ಐಎಸ್), ಇರಾಕ್–ಸಿರಿಯಾ ಗಡಿಯ ಮಣ್ಣಿನ ದಿಬ್ಬವನ್ನು ಬುಲ್ಡೋಜರ್‌ನಿಂದ ಕೆಡವಿ, ತುರ್ಕರ ಅರಬ್ ನೆಲವನ್ನು ಬ್ರಿಟನ್, ಫ್ರಾನ್ಸ್‌ಗಳು ಗುಟ್ಟಾಗಿ ಹಂಚಿಕೊಂಡ 1916ರ ಸೈಕ್ಸ್–ಪಿಕೋ ಒಪ್ಪಂದವನ್ನು ಅಳಿಸಿಹಾಕಿದೆವೆಂದು ಸಾರುವ ವಿಡಿಯೊ ಹೊರಡಿಸಿತು. (ಆ ಒಪ್ಪಂದ ಹುಟ್ಟಿದ ಮಹಾಯುದ್ಧದಲ್ಲೇ ನಮ್ಮ ಮೈಸೂರು ಲ್ಯಾನ್ಸರ್ಸ್ ಅಶ್ವದಳ, ಜೋಧಪುರದ ದಳದೊಂದಿಗೆ ಸೇರಿ, 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ತುರ್ಕರಿಂದ ಗೆದ್ದಿತ್ತು, ಆ ಭಾಗದ ಚರಿತ್ರೆಗೆ ನಾವು ತೀರಾ ಹೊರಗಿನವರೇನಲ್ಲ.) ಧರ್ಮ, ಇತಿಹಾಸ ಎರಡೂ ಆ ವಿಡಿಯೊದಲ್ಲಿದ್ದವು; ಇಲ್ಲದಿದ್ದುದು 2003. ಅಮೆರಿಕ ಇರಾಕನ್ನು ಆಕ್ರಮಿಸಿಕೊಂಡ ಆ ವರ್ಷದ ಮೇ ತಿಂಗಳಲ್ಲಿ ಅಲ್ಲಿನ ಅಮೆರಿಕದ ಆಡಳಿತಾಧಿಕಾರಿ ಪಾಲ್ ಬ್ರೆಮರ್ ಹೊರಡಿಸಿದ ಮೊದಲನೆಯ ಆದೇಶ ಸದ್ದಾಂ ಹುಸೇನರ ಬಾತ್ ಪಕ್ಷದ ಮೇಲ್ಮಟ್ಟದವರನ್ನು ಸರ್ಕಾರಿ ಹುದ್ದೆಗಳಿಂದ ತೆಗೆದುಹಾಕಿತು. ಎರಡನೆಯದು ಇರಾಕಿನ ಸೇನೆಯನ್ನೇ ವಿಸರ್ಜಿಸಿತು. ಶಸ್ತ್ರವಿದ್ಯೆ ಬಲ್ಲ ಲಕ್ಷಾಂತರ ಮಂದಿ ಕೆಲಸ ಕಳೆದುಕೊಂಡು ಬೀದಿಗೆ ಬಿದ್ದರು. ಮುಂದೆ ಐಎಸ್‌ನ ಸೇನಾ ಮತ್ತು ಬೇಹುಗಾರಿಕೆ ವಿಭಾಗಗಳನ್ನು ಕಟ್ಟಿದವರಲ್ಲಿ ಸದ್ದಾಂ ಕಾಲದ ಮಾಜಿ ಅಧಿಕಾರಿಗಳು ಹಲವರಿದ್ದರು, ಮತ್ತು ಅವರು ಯುದ್ಧ ಕಲಿತದ್ದು ಮದರಸಾದಲ್ಲಲ್ಲ.

ಧರ್ಮದ ಪಾತ್ರವೇ ಇಲ್ಲವೆಂದು ಇಷ್ಟರಿಂದ ವಾದಿಸಲಾಗದು. ಅದೇ 2014ರ ಆಗಸ್ಟ್‌ನಲ್ಲಿ ಇರಾಕಿನ ಸಿಂಜಾರ್‌ನಲ್ಲಿ ಯಜೀದಿ ಎಂಬ ಅಲ್ಪಸಂಖ್ಯಾತ ಧರ್ಮದ ಹೆಂಗಸರನ್ನು ಗುಲಾಮರಾಗಿ ಮಾರಿದವರು ಅದನ್ನು ಧರ್ಮದ ಹೆಸರಿನಲ್ಲೇ ಸಮರ್ಥಿಸಿಕೊಂಡರು. ಕೆಲಸ ಹೋದ ಸಿಟ್ಟಿನಿಂದ ಅಂಥ ಕ್ರೌರ್ಯವನ್ನು ವಿವರಿಸಲಾಗದು. ಯಾರನ್ನು ಕೊಲ್ಲಬಹುದು, ಯಾರನ್ನು ಮಾರಬಹುದು ಎಂಬುದಕ್ಕೆ ಅವರು ಒಪ್ಪಿಗೆ ಹುಡುಕಿದ್ದು ಧರ್ಮದಲ್ಲೇ, ಅದೂ ತಮಗೆ ಬೇಕಾದ ಅರ್ಥ ಹಚ್ಚಿಕೊಂಡು.

ಇತಿಹಾಸವೂ ಹೀಗೆಯೇ ಬಳಕೆಯಾಗುತ್ತದೆ. ಸರ್ಬರು ತುರ್ಕರೊಂದಿಗೆ ಕಾದಿದ 1389ರ ಕೊಸೊವೊ ಕದನದ ಆರುನೂರನೇ ವರ್ಷಾಚರಣೆಯಲ್ಲಿ, 1989ರ ಜೂನ್ 28ರಂದು, ಸರ್ಬಿಯಾದ ನಾಯಕ ಮಿಲೋಸೆವಿಚ್ ಭಾಷಣ ಮಾಡಿದರು. ಆರು ವರ್ಷಗಳ ನಂತರ ಬೋಸ್ನಿಯಾದ ಸ್ರೆಬ್ರೆನಿತ್ಸಾದಲ್ಲಿ ಸುಮಾರು 8,000 ಮುಸ್ಲಿಂ ಗಂಡಸರು, ಹುಡುಗರು ಸರ್ಬ್ ಪಡೆಗಳಿಂದ ಕೊಲೆಯಾದರು. ಆದರೆ 1980ರಲ್ಲಿ ಯುಗೊಸ್ಲಾವಿಯದ ಅಧ್ಯಕ್ಷ ಟಿಟೊ ತೀರಿಕೊಳ್ಳುವವರೆಗೆ ಇದೇ ಸರ್ಬರು, ಮುಸ್ಲಿಮರು ಒಂದೇ ವಠಾರದಲ್ಲಿ ಬದುಕಿದ್ದರು, ಪರಸ್ಪರ ಹೆಣ್ಣು ಕೊಟ್ಟು ತಂದಿದ್ದರು. ಆ ಬಳಿಕ ಸಾಲ, ಬೆಲೆಯೇರಿಕೆಗಳ ನಡುವೆ ದೇಶ ಕುಸಿಯತೊಡಗಿದಾಗ ಹಳೆಯ ಕದನ ರಾಜಕಾರಣಿಗಳ ಕೈಗೆ ಬಂತು.

ಹಳೆಯ ನೋವು ತಾನಾಗಿ ಕತ್ತಿ ಹಿಡಿಯುವುದಿಲ್ಲ ಎನ್ನಲು ನಮ್ಮ ಮಂಡ್ಯ ಜಿಲ್ಲೆಯಲ್ಲೇ ಸಾಕ್ಷಿಯಿದೆ. ಟಿಪ್ಪುವಿನ ಕಾಲದಲ್ಲಿ ತಮ್ಮ ಪೂರ್ವಿಕರ ಹತ್ಯೆ ನಡೆಯಿತೆಂಬ ನಂಬಿಕೆಯಿಂದ ಮೇಲುಕೋಟೆಯ ಮಂಡಯಂ ಅಯ್ಯಂಗಾರ್ ಮನೆಗಳಲ್ಲಿ ನರಕ ಚತುರ್ದಶಿಯ ಸಂಭ್ರಮವಿಲ್ಲ. ಎರಡು ಶತಮಾನ ದಾಟಿದ ಈ ಶೋಕ ಮನೆಯೊಳಗಿನ ಆಚರಣೆಯಾಗಿಯೇ ಉಳಿದಿದೆ. ಅದೇ ಟಿಪ್ಪು, 1791ರಲ್ಲಿ ಮರಾಠಾ ಪಡೆ ಶೃಂಗೇರಿ ಮಠವನ್ನು ದೋಚಿದಾಗ ಮಠಕ್ಕೆ ನೆರವು ಕಳಿಸಿದ್ದ. ಮರುವರ್ಷ ಶ್ರೀರಂಗಪಟ್ಟಣವನ್ನು ಮುತ್ತಿದ ಕೂಟದಲ್ಲಿ ಇಂಗ್ಲಿಷರ ಜೊತೆ ಪೇಶ್ವೆಯ ದಂಡೂ ಇತ್ತು, ನಿಜಾಮನ ದಂಡೂ ಇತ್ತು. ಇವುಗಳಲ್ಲಿ ಯಾವುದನ್ನು ನೆನೆಯಬೇಕು, ಯಾವುದನ್ನು ಮುಚ್ಚಿಡಬೇಕು ಎಂದು ಪ್ರತಿ ಚುನಾವಣೆಯ ಹೊತ್ತಿಗೆ ಯಾರು ಆರಿಸುತ್ತಾರೆಂಬುದು ಈ ಭಾಗದ ಓದುಗರಿಗೆ ಗೊತ್ತಿಲ್ಲದ್ದಲ್ಲ.

ಕೊನೆಯದಾಗಿ ಪತ್ರಿಕೆಗೊಂದು ಕೋರಿಕೆ. ವಿದೇಶ ಪುಟದಲ್ಲಿ ‘ಶಿಯಾ–ಸುನ್ನಿ ವೈರ’, ‘ಶತಮಾನಗಳ ಹಗೆ’ ಎಂಬ ಸಿದ್ಧ ತಲೆಬರಹಗಳ ಬದಿಯಲ್ಲಿ, ಆ ದೇಶದ ಕಳೆದ ಮೂವತ್ತು ವರ್ಷಗಳ ಕಾನೂನು, ಆದೇಶ, ಗಡಿ ಬದಲಾವಣೆ ಮತ್ತು ಶಸ್ತ್ರ ಪೂರೈಸಿದ ದೇಶಗಳ ಹೆಸರುಗಳನ್ನು ಇಸವಿ ಸಹಿತ ಒಂದು ಸಣ್ಣ ಚೌಕದಲ್ಲಿ ಪ್ರಕಟಿಸಿ. ಸ್ಪರ್ಧಾತ್ಮಕ ಪರೀಕ್ಷೆಗೆಂದು ಇಲ್ಲಿನ ಗ್ರಂಥಾಲಯಗಳಲ್ಲಿ ಬೆಳಗಿನಿಂದಲೇ ಪತ್ರಿಕೆ ಹಿಡಿದು ಕೂರುವ ಯುವಜನರಿಗಂತೂ ಅದು ಕತ್ತರಿಸಿಟ್ಟುಕೊಳ್ಳುವಂಥ ಸಾಮಗ್ರಿಯಾದೀತು.

– ನಿವೃತ್ತ ಇತಿಹಾಸ ಉಪನ್ಯಾಸಕ,
ಸರಸ್ವತಿಪುರಂ, ಮೈಸೂರು