ತಾರೀಕು ನೀವು ಬದಲಿಸಿ, ಕ್ಲೇಮ್ ಇಲ್ಲ ಅಂದರೆ ಹೇಗೆ?

ಮ್ಯಾನೇಜರ್ ಅವರಿಗೆ, ವಿಮಾ ಕಂಪನಿಯ ಮಂಗಳೂರು ಶಾಖೆ
27-06-2025

ನಮಸ್ಕಾರ. ನಾನು ಉಡುಪಿಯ 18 ಹಾಸಿಗೆಯ ಒಂದು ನರ್ಸಿಂಗ್ ಹೋಮಿನಲ್ಲಿ ಆಫೀಸು ನೋಡಿಕೊಳ್ಳುವವಳು. ಡಾಕ್ಟರ್ ಅಲ್ಲ. ಆದರೆ ಒಂಬತ್ತು ವರ್ಷದಿಂದ ನಿಮ್ಮ ಕಾಗದಗಳನ್ನು ಫೈಲಿಗೆ ಹಾಕುತ್ತಿರುವವಳು ನಾನೇ, ಹಾಗಾಗಿ ತಾರೀಕಿನ ವಿಷಯದಲ್ಲಿ ನನ್ನ ಹತ್ತಿರ ಸುಮ್ನೆ ಮಾತು ತಿರುಗಿಸಬೇಡಿ.

ನಮ್ಮ ಪ್ರೊಫೆಷನಲ್ ಇಂಡೆಮ್ನಿಟಿ ಪಾಲಿಸಿ, ಅಂದರೆ ಚಿಕಿತ್ಸೆಯಲ್ಲಿ ತಪ್ಪಾಯಿತು ಅಂತ ರೋಗಿ ಕೇಸು ಹಾಕಿದರೆ ಕಾಯುವ ವಿಮೆ, 2016ರ ಏಪ್ರಿಲ್ 1ರಿಂದ ನಿಮ್ಮಲ್ಲೇ ಇದೆ. ಒಂದು ವರ್ಷವೂ ತಪ್ಪಿಲ್ಲ. ಈ ಸಲ ಮಾರ್ಚ್ 24ಕ್ಕೇ ಹಣ ಕಟ್ಟಿದ್ದೇವೆ. ಹೊಸ ಸಾಫ್ಟ್‌ವೇರ್ ಬಂದಿದೆ ಮೇಡಂ, ಪಾಲಿಸಿ ನಂಬರ್ ಬದಲಾಗುತ್ತೆ ಅಷ್ಟೇ, ಅಂತ ನಿಮ್ಮ ಹುಡುಗ ಫೋನಿನಲ್ಲಿ ಹೇಳಿದ. ಬದಲಾದದ್ದು ನಂಬರ್ ಒಂದೇ ಅಲ್ಲ. ಎರಡನೇ ಪುಟದಲ್ಲಿ ರೆಟ್ರೋಆಕ್ಟಿವ್ ಡೇಟ್ ಅಂತ ಒಂದು ಸಣ್ಣ ಕಾಲಂ ಇದೆ. ಹಳೆ ಪಾಲಿಸಿಗಳಲ್ಲೆಲ್ಲ ಅಲ್ಲಿ 01-04-2016. ಹೊಸದರಲ್ಲಿ 01-04-2025.

ಇದು ಸ್ಕೂಟರಿನ ಇನ್ಶೂರೆನ್ಸ್ ಥರ ಅಲ್ಲ, ನಿಮಗೇ ಗೊತ್ತು. ಘಟನೆ ಆದ ದಿನ ಪಾಲಿಸಿ ಇದ್ದರೆ ಸಾಲದು. ಕ್ಲೇಮ್ ಬರುವಾಗ ಪಾಲಿಸಿ ಚಾಲ್ತಿಯಲ್ಲಿರಬೇಕು, ಚಿಕಿತ್ಸೆ ಆ ಕಾಲಂನ ತಾರೀಕಿನ ನಂತರ ಆಗಿರಬೇಕು, ಎರಡೂ ಬೇಕು. ಗ್ರಾಹಕ ಆಯೋಗಕ್ಕೆ ಹೋಗಲು ಎರಡು ವರ್ಷ ಸಮಯ ಇರುವುದರಿಂದ ಇವತ್ತಿನ ಆಪರೇಷನ್ನಿಗೆ ನೋಟಿಸ್ ಬರುವುದು ಎಷ್ಟೋ ಸಮಯ ಬಿಟ್ಟು. ಅಂದರೆ ಆ ಒಂದು ತಾರೀಕು ಬದಲಿಸಿ ನೀವು ನಮ್ಮ ಒಂಬತ್ತು ವರ್ಷದ ರಕ್ಷಣೆಯನ್ನೇ ಅಳಿಸಿದ್ದೀರಿ.

ಹಾಗೇ ಆಯಿತು. 2023ರ ನವೆಂಬರಿನಲ್ಲಿ ಮಾಡಿದ ಒಂದು ಹರ್ನಿಯಾ ಆಪರೇಷನ್ ಬಗ್ಗೆ ಜೂನ್ 9ಕ್ಕೆ ಆಯೋಗದ ನೋಟಿಸ್ ಬಂತು. ಅವತ್ತೇ ನಿಮಗೆ ಕಳಿಸಿದೆ. ಹತ್ತು ದಿನ ಬಿಟ್ಟು ಬಂದ ಉತ್ತರ ಎರಡು ಸಾಲು: ಚಿಕಿತ್ಸೆ ರೆಟ್ರೋಆಕ್ಟಿವ್ ಡೇಟಿಗಿಂತ ಮೊದಲು ನಡೆದಿದೆ, ಕ್ಲೇಮ್ ಬರುವುದಿಲ್ಲ.

2022ರಲ್ಲಿ ವಿಮೆ ಮೊತ್ತ ಹೆಚ್ಚಿಸುವಾಗ ನಿಮ್ಮವರೊಬ್ಬರು ಬಂದು ನಮ್ಮ ಆಪರೇಷನ್ ಥಿಯೇಟರ್ ನೋಡಿದ್ದರು. ಮಾಪ್ ಅಂದರೆ ಆಪರೇಷನ್ನಿನಲ್ಲಿ ರಕ್ತ ಒರೆಸುವ ಬಟ್ಟೆ, ಅದರ ಲೆಕ್ಕಕ್ಕೆ ಗೋಡೆಗೆ ಬೋರ್ಡ್ ಹಾಕಿ, ಒಪ್ಪಿಗೆ ಪತ್ರ ಕನ್ನಡದಲ್ಲಿ ಮಾಡಿ ಅಂದರು. ಒಳ್ಳೆಯ ಸಲಹೆಯೇ, ಮಾಡಿದೆವು. ಈಗ ಇಬ್ಬರು ಸಿಸ್ಟರ್‌ಗಳು ಜೋರಾಗಿ ಎಣಿಸಿ ಬರೆಯುತ್ತಾರೆ, ಹೊಲಿಗೆ ಹಾಕುವ ಮೊದಲು ಮತ್ತೆ ಎಣಿಸುತ್ತಾರೆ. ಈ ರೋಗಿಯ ಫೈಲಿನಲ್ಲೂ ಬೋರ್ಡಿನ ಫೋಟೋ ಇದೆ, ಕೊಟ್ಟದ್ದು 12, ವಾಪಸ್ 12. ಒಪ್ಪಿಗೆ ಪತ್ರದ ಪ್ರತಿ ಪುಟಕ್ಕೂ ಸಹಿ ಇದೆ. ಆದರೂ ನಮ್ಮ ಕಡೆ ತಪ್ಪಿದೆಯೋ ಇಲ್ಲವೋ ಆಯೋಗ ಹೇಳಲಿ. ಆದರೆ ಅಲ್ಲಿ ಹೇಳೋಕೆ ವಕೀಲರು ಬೇಕು, ಅಲ್ವಾ?

ಉತ್ತರ ಹಾಕಲು ನಮಗಿರುವುದು 30 ದಿನ. ಆಯೋಗ ದಯೆ ತೋರಿದರೆ ಇನ್ನು 15. ಅದಕ್ಕಿಂತ ಒಂದು ದಿನವೂ ಜಾಸ್ತಿ ಇಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ಅದೂ ಒಂದು ವಿಮಾ ಕಂಪನಿಯ ಕೇಸಿನಲ್ಲಿ.

ಇನ್ನೊಂದು ಫಜೀತಿ ಕೇಳಿ. ನಿಮ್ಮ ಲಿಖಿತ ಒಪ್ಪಿಗೆ ಇಲ್ಲದೆ ನಾವು ತಪ್ಪು ಒಪ್ಪಿಕೊಳ್ಳುವ ಹಾಗಿಲ್ಲ, ರಾಜಿ ಮಾತಾಡುವ ಹಾಗೂ ಇಲ್ಲ, ಅದು ನಿಮ್ಮದೇ ಷರತ್ತು. ಆ ರೋಗಿಯ ಅಣ್ಣ ದಿನಾ ನಮ್ಮ ಎದುರಿನ ಅಂಗಡಿಯಲ್ಲಿ ಚಾ ಕುಡಿಯುತ್ತಾರೆ. ಮಳೆ ಬಂದರೆ ನಮ್ಮದೇ ಶೀಟಿನ ಕೆಳಗೆ ನಿಲ್ಲುತ್ತಾರೆ. ನಾನು ಮುಖ ತಿರುಗಿಸಿ ಒಳಗೆ ಹೋಗುತ್ತೇನೆ. ಕ್ಲೇಮ್ ಕೊಡುವುದಿಲ್ಲ, ಮಾತಾಡಲೂ ಬಿಡುವುದಿಲ್ಲ ಅಂದರೆ ಎಂತ ಮಾಡುವುದು?

ತಾರೀಕನ್ನು 01-04-2016 ಅಂತ ತಿದ್ದಿದ ಎಂಡೋರ್ಸ್‌ಮೆಂಟ್ (ಪಾಲಿಸಿಯ ತಿದ್ದುಪಡಿ ಪತ್ರ) ಮತ್ತು ವಕೀಲರ ಖರ್ಚಿಗೆ ಲಿಖಿತ ಒಪ್ಪಿಗೆ, ಎರಡೂ ಜುಲೈ 4ರ ಒಳಗೆ ಕಳಿಸಿ. ಇಲ್ಲವಾದರೆ ನಮ್ಮದೇ ವಕೀಲರನ್ನು ಇಟ್ಟು ಬಿಲ್ಲು ನಿಮಗೆ ಕಳಿಸುತ್ತೇವೆ, ವಿಮಾ ನಿಯಂತ್ರಕರ ದೂರಿನ ಪೋರ್ಟಲ್ ಬಿಮಾ ಭರೋಸಾದಲ್ಲೂ ದೂರು ಹಾಕುತ್ತೇವೆ. ಒಂಬತ್ತು ವರ್ಷದ ಪಾಲಿಸಿ ಪ್ರತಿಗಳನ್ನು ಇದರ ಜೊತೆ ಇಟ್ಟಿದ್ದೇನೆ, ಕಾಲಂಗೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದೆ.

ಫೋನ್ ಮಾಡಬೇಡಿ. ಬರೆದು ಕಳಿಸಿ.

ಇತಿ,
ಆಫೀಸು ಮ್ಯಾನೇಜರ್, ಉಡುಪಿ