ಹಸಿವಿನ ಯೋಜನೆಯೂ ದಾಖಲಾಗಲಿ
ಎರಡನೇ ಮಹಾಯುದ್ಧ ಕುರಿತ ಲೇಖನದಲ್ಲಿ (ಭಾನುವಾರದ ಪುರವಣಿ) ಸೇನಾನಿಗಳ ಹೆಸರೆಲ್ಲ ಇದ್ದು, ಹರ್ಬರ್ಟ್ ಬಾಕೆಯ ಹೆಸರೇ ಇಲ್ಲದಿರುವುದು ದೊಡ್ಡ ಕೊರತೆ. 1928ರಲ್ಲಿ ಜರ್ಮನಿಯ ಹಾರ್ನ್‌ಸೆನ್‌ನಲ್ಲಿ ಜಮೀನು ಗುತ್ತಿಗೆ ಹಿಡಿದು ಬೇಸಾಯ ಮಾಡುತ್ತಿದ್ದ ಈತ, 1933ರಲ್ಲಿ ನಾಜಿ ಸರ್ಕಾರದ ಕೃಷಿ ಸಚಿವಾಲಯದ ಕಾರ್ಯದರ್ಶಿಯಾದ. ಮುಂದೆ ಸಚಿವನೂ ಆದ. ಸೋವಿಯತ್ ನೆಲದ ಧಾನ್ಯವನ್ನು ಜರ್ಮನ್ ಸೇನೆಗೆ ಕಸಿದುಕೊಳ್ಳುವ ‘ಹಸಿವಿನ ಯೋಜನೆ’ ಈತನದೇ. ಕೋಟ್ಯಂತರ ಜನ ಉಪವಾಸದಿಂದ ಸಾಯುತ್ತಾರೆ ಎಂದು 1941ರ ಮೇ 2ರಂದು ನಡೆದ ಜರ್ಮನ್ ಅಧಿಕಾರಿಗಳ ಸಭೆಯ ಟಿಪ್ಪಣಿಯಲ್ಲಿ ಯಾವ ಅಳುಕೂ ಇಲ್ಲದೆ ಬರೆದಿಡಲಾಗಿದೆ. ಬಿತ್ತಿ ಬೆಳೆದವನ ಕಚೇರಿಯ ಲೆಕ್ಕವಿದು! ವಿಚಾರಣೆ ಎದುರಿಸುವ ಮೊದಲೇ, 1947ರಲ್ಲಿ, ನ್ಯೂರೆಂಬರ್ಗ್ ಜೈಲಿನಲ್ಲಿ ನೇಣು ಹಾಕಿಕೊಂಡ. ರಣರಂಗದ ಜೊತೆಗೆ ಇಂಥ ಕಡತಗಳ ಕುರಿತೂ ಪುರವಣಿಯಲ್ಲಿ ಒಂದು ಲೇಖನ ಪ್ರಕಟಿಸಬೇಕೆಂದು ಕೋರುತ್ತೇನೆ.
– ನಿವೃತ್ತ ಇತಿಹಾಸ ಅಧ್ಯಾಪಕ, ಧಾರವಾಡ